ಹಿಂದಕ್ಕೆ ಬಂದ ಚೆಂಡು: ಕೊಡಗಿನ ಒಂದು ಫುಟ್‌ಬಾಲ್ ಕೋಣೆಯ ಪ್ರಕರಣ

ಊರಿನ ಹೆಸರು, ಯುವಕ ಸಂಘದ ಹೆಸರು, ಹುಡುಗನ ಹೆಸರು ಮೂರನ್ನೂ ಇಲ್ಲಿ ಬಿಟ್ಟಿದ್ದೇನೆ. ಸಿದ್ದಾಪುರದ ಆಸುಪಾಸಿನ ಕಾಫಿ ತೋಟಗಳ ನಡುವಿನ ಊರು ಎಂದರೆ ಸಾಕು. ಹುಡುಗನೂ ಅವನ ತಾಯಿಯೂ ಬರೆಯಲು ಒಪ್ಪಿದ್ದಾರೆ, ಬರೆದದ್ದನ್ನು ಓದಿ ಕೆಲವು ಸಾಲು ತೆಗೆಸಿಯೂ ಇದ್ದಾರೆ. ನಾನು ಅಲ್ಲಿನ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಸಂಘದ ಕಿರಿಯರಿಗೆ ಭಾನುವಾರ ಬೆಳಿಗ್ಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ.

ನಡೆದದ್ದು ಇಷ್ಟು. ಸೋಲಿನ ಮೇಲೆ ಸೋಲು ಕಾಣುತ್ತಿದ್ದ ಬೆಂಗಳೂರು ಎಫ್‌ಸಿ ಎಂಬ ವೃತ್ತಿಪರ ಫುಟ್‌ಬಾಲ್ ತಂಡದ ಮೇಲೆ ನಮ್ಮೂರಿನ ಅಭಿಮಾನಿಗಳಿಗೆ ಸಿಟ್ಟು ಬಂತು. ತಂಡ ಇದ್ದದ್ದು ಬೆಂಗಳೂರಿನಲ್ಲಿ, ಸಿಟ್ಟು ಇದ್ದದ್ದು ಕೊಡಗಿನಲ್ಲಿ. ಅಷ್ಟು ದೂರ ಹೋಗಲಾಗದ ಸಿಟ್ಟು, ಪಂದ್ಯ ನೋಡಲು ಸೇರುವ ಸಂಘದ ಕೋಣೆಯಲ್ಲೇ ಕುಳಿತಿದ್ದ ಹದಿನೇಳು ವರ್ಷದ ಗೋಲ್‌ಕೀಪರ್ ಹುಡುಗನ ಮೇಲೆ ಇಳಿಯಿತು. ಅವನು ಆಟ ಬಿಟ್ಟ. ಆಮೇಲೆ ಏನೇನು ಮಾಡಿದೆವು, ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂಬುದು ಈ ಬರಹ.

ಕೋಣೆ ಮತ್ತು ಜೀಪು

ಕೊಡಗು ಎಂದರೆ ಹಾಕಿ ಎನ್ನುವುದು ಹೊರಗಿನವರ ಲೆಕ್ಕ. ತಪ್ಪೇನಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ ಈಗ ಮುನ್ನೂರಕ್ಕೂ ಹೆಚ್ಚು ಮನೆತನಗಳ ತಂಡಗಳು ಬರುತ್ತವೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋದ ಭಾರತ ಹಾಕಿ ತಂಡದ ಇಬ್ಬರು ಗೋಲ್‌ಕೀಪರ್‌ಗಳೂ, ಚೆಪ್ಪುಡಿರ ಪೂಣಚ್ಚ ಮತ್ತು ಅಂಜಪರವಂಡ ಸುಬ್ಬಯ್ಯ, ಈ ಜಿಲ್ಲೆಯ ಮನೆತನಗಳವರು. ಆದರೆ ತೋಟಗಳ ಕಾರ್ಮಿಕರ ಲೈನ್ ಮನೆಗಳಲ್ಲಿ, ಸಿದ್ದಾಪುರ, ನೆಲ್ಯಹುದಿಕೇರಿ, ಸುಂಟಿಕೊಪ್ಪದ ಪೇಟೆಗಳಲ್ಲಿ ಮಕ್ಕಳ ಕಾಲಿಗೆ ಮೊದಲು ಸಿಗುವುದು ಫುಟ್‌ಬಾಲ್. ಭತ್ತದ ಕೊಯ್ಲಾದ ಗದ್ದೆಯಲ್ಲಿ ಏಳೇಳು ಮಂದಿಯ ಸೆವೆನ್ಸ್, ಶಾಲೆಯ ಮೈದಾನದಲ್ಲಿ ಐದೈದು ಮಂದಿಯ ಫೈವ್ಸ್. ಸುಂಟಿಕೊಪ್ಪದ ಗೋಲ್ಡ್ ಕಪ್ ಪಂದ್ಯಾವಳಿ ಬಂತೆಂದರೆ ನಮ್ಮ ಹುಡುಗರಿಗೆ ಕೆಲಸ, ಕಾಲೇಜು ಎರಡೂ ನೆನಪಿರುವುದಿಲ್ಲ.

ಸಂಘದ ಕೋಣೆ ಪೇಟೆಯ ದಿನಸಿ ಅಂಗಡಿಯ ಮಹಡಿಯಲ್ಲಿದೆ. ಟಿವಿ ಸಂಘದ್ದು, ಇಂಟರ್ನೆಟ್ಟಿಗೆ ತಿಂಗಳ ಚಂದಾ. ಬೆಂಗಳೂರು ಎಫ್‌ಸಿ ಪಂದ್ಯದ ದಿನ ಇಪ್ಪತ್ತು, ಇಪ್ಪತ್ತೈದು ಮಂದಿ ಸೇರುತ್ತಿದ್ದರು. ಅರ್ಧಕ್ಕಿಂತ ತುಸು ಹೆಚ್ಚು ನೀಲಿ ಅಂಗಿ, ಉಳಿದವರು ಕೇರಳ ಬ್ಲಾಸ್ಟರ್ಸ್‌ನ ಹಳದಿ. ಮನೆಯಲ್ಲಿ ಮಲಯಾಳ ಮಾತಾಡುವವರೆಲ್ಲ ಹಳದಿ, ಉಳಿದವರೆಲ್ಲ ನೀಲಿ ಎಂದು ಯಾರಾದರೂ ತಿಳಿದರೆ ಅವರು ಕೊಡಗನ್ನು ನೋಡಿಲ್ಲ. ಒಂದೇ ಮನೆಯ ಅಣ್ಣ ನೀಲಿ, ತಮ್ಮ ಹಳದಿ. ಕೋಣೆಯ ಅತಿ ಗಟ್ಟಿ ಗಂಟಲಿನ ನೀಲಿ ಅಭಿಮಾನಿಯ ಅಜ್ಜನ ಮನೆ ಕಣ್ಣೂರಿನಲ್ಲಿ.

ಎಂಟಕ್ಕೆ ಶುರುವಾದ ಪಂದ್ಯ ಮುಗಿಯುವಾಗ ಹತ್ತು ಹೊಡೆದಿರುತ್ತದೆ. ಆ ಹೊತ್ತಿಗೆ ತೋಟದ ದಾರಿಯಲ್ಲಿ ಆನೆ ಇರುತ್ತದೆ, ಇಲ್ಲವೆ ಇದೆ ಎಂಬ ಸುದ್ದಿ ಇರುತ್ತದೆ. ಎರಡಕ್ಕೂ ಹೆದರಬೇಕು. ಹಾಗಾಗಿ ದೂರದ ಲೈನ್‌ಗಳಿಗೆ ಹೋಗುವವರನ್ನು ಒಬ್ಬರು ತಮ್ಮ ಜೀಪಿನಲ್ಲಿ ಬಿಟ್ಟು ಬರುತ್ತಿದ್ದರು. ಜೀಪಿನವರು ಹಳದಿ, ಕೂರುವವರಲ್ಲಿ ಹೆಚ್ಚಿನವರು ನೀಲಿ. ಈ ಜೀಪಿನ ವಿಷಯ ಮುಂದೆ ಬರುತ್ತದೆ.

ಗೆದ್ದು ರೂಢಿಯಾದವರು

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ, ಆಗ ದೇಶದ ಮೇಲ್ದರ್ಜೆಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು, 2016ರಲ್ಲಿ ಮತ್ತೆ ಗೆದ್ದಿತು. ನಡುವೆ ಒಂದು, ಆಮೇಲೆ ಒಂದು ಫೆಡರೇಷನ್ ಕಪ್. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್. 2018ರಲ್ಲಿ ಸೂಪರ್ ಕಪ್. 2019ರ ಮಾರ್ಚ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆಯ ಹೆಡರ್, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ಪೂ ಬಂತು. ನಮ್ಮ ಹುಡುಗರು ಫುಟ್‌ಬಾಲ್ ನೋಡಲು ಕಲಿತದ್ದೇ ಈ ಆರು ವರ್ಷಗಳಲ್ಲಿ. ಸೋಲುವ ತಂಡವನ್ನು ಹೇಗೆ ನೋಡಬೇಕು ಎಂದು ಯಾರೂ ಕಲಿಸಿರಲಿಲ್ಲ. ಕೊಲ್ಕತ್ತದಲ್ಲಿ ಮೂರು ತಲೆಮಾರು ಸೋಲುಗೆಲುವು ಎರಡನ್ನೂ ಕಂಡಿದೆ. ನಮಗೆ ಅಂಥ ಅಜ್ಜಂದಿರಿಲ್ಲ.

2022–23 ಆ ನೆನಪನ್ನು ಮತ್ತೆ ಹಸಿರು ಮಾಡಿತು. ಡುರಾಂಡ್ ಕಪ್ ಬಂತು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್‌ನ ಹೆಚ್ಚುವರಿ ಸಮಯದಲ್ಲಿ ನಮ್ಮ ಸುನಿಲ್ ಛೆಟ್ರಿ ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು, ಆಮೇಲೆ ಅದಕ್ಕೆ 4 ಕೋಟಿ ರೂಪಾಯಿ ದಂಡವೂ ಬಿತ್ತು. ಆ ರಾತ್ರಿ ಕೋಣೆಯಲ್ಲಿ ನಡೆದ ಜಗಳ ಜೀಪಿನಲ್ಲೂ ಮುಂದುವರಿದು, ಲೈನ್ ಮನೆ ತಲುಪುವ ಹೊತ್ತಿಗೆ ನಗೆಯಾಯಿತಂತೆ. ಅದಾಗಿ ಕೆಲವೇ ದಿನಕ್ಕೆ ಮುಂಬೈ ಸಿಟಿ ವಿರುದ್ಧದ ಸೆಮಿಫೈನಲ್ ಪೆನಾಲ್ಟಿಗೆ ಹೋಯಿತು. ಬೆಂಗಳೂರಿನ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಒಂದನ್ನು ತಡೆದರು, ಬೆಂಗಳೂರು 9–8ರಲ್ಲಿ ಫೈನಲ್‌ಗೆ ಹೋಯಿತು.

ನಮ್ಮ ಹುಡುಗನಿಗೆ ‘ಗುರ್‌ಪ್ರೀತ್’ ಎಂಬ ಅಡ್ಡಹೆಸರು ಬಿದ್ದದ್ದು ಆ ರಾತ್ರಿ. ವಯಸ್ಸಿಗೆ ಮೀರಿದ ಎತ್ತರ, ಸಂಘದ ಸೆವೆನ್ಸ್ ತಂಡದ ಕೀಪರ್. ಹೆಸರು ಹೆಮ್ಮೆಯದೇ ಆಗಿತ್ತು. ತಾಯಿ ಕೂಡ ಒಮ್ಮೆ ಶಾಲೆಯ ಗೇಟಿನ ಬಳಿ, “ನಮ್ಮ ಗುರ್‌ಪ್ರೀತ್ ಮನೆಗೆ ಹೊರಟನಾ ಸಾರ್?” ಎಂದು ಕೇಳಿದ್ದು ನೆನಪಿದೆ.

ಕೊಚ್ಚಿ, 2023ರ ಸೆಪ್ಟೆಂಬರ್ 21

ಹೊಸ ಋತುವಿನ ಮೊದಲ ಪಂದ್ಯವೇ ಕೊಚ್ಚಿಯಲ್ಲಿ, ಅದೇ ಬ್ಲಾಸ್ಟರ್ಸ್ ಮೇಲೆ. ಗಣೇಶನ ಹಬ್ಬದ ವಾರ, ಊರಲ್ಲಿ ಎಲ್ಲರೂ ಇದ್ದರು, ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಬೇಸಿಗೆಯಲ್ಲಿ ತಂಡ ಬಹಳ ಬದಲಾಗಿತ್ತು. ರಾಯ್ ಕೃಷ್ಣ ಒಡಿಶಾಕ್ಕೆ, ಸಂದೇಶ್ ಜಿಂಗನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ ಹೋಗಿದ್ದರು, ಪ್ರಬೀರ್ ದಾಸ್ ಬ್ಲಾಸ್ಟರ್ಸ್‌ಗೇ ಸೇರಿದ್ದರು. ಹಿಂದಿನ ಸಾಲು ಹೆಚ್ಚುಕಡಿಮೆ ಹೊಸದು. ಛೆಟ್ರಿಯೂ ಇರಲಿಲ್ಲ, ಏಷ್ಯನ್ ಗೇಮ್ಸ್‌ಗೆಂದು ಹಾಂಗ್‌ಝೌನಲ್ಲಿದ್ದರು. ಅದೇ ದಿನ ಅಲ್ಲಿ ಬಾಂಗ್ಲಾದೇಶದ ವಿರುದ್ಧ ಅವರ ಪೆನಾಲ್ಟಿಯಿಂದ ಭಾರತ ಗೆದ್ದಿತ್ತು. ಲೀಗ್ ಶುರುವಾಗುವ ದಿನವೇ ದೇಶದ ತಂಡಕ್ಕೂ ಪಂದ್ಯ ಇಡುವ ಜಾಣತನ ಯಾರದೋ, ಆ ಬಗ್ಗೆ ಕೋಣೆಯಲ್ಲಿ ಯಾರೂ ಕೂಗಲಿಲ್ಲ.

ವಿರಾಮದವರೆಗೆ ಗೋಲಿಲ್ಲ. 52ನೇ ನಿಮಿಷ ಬ್ಲಾಸ್ಟರ್ಸ್‌ನ ಆಡ್ರಿಯನ್ ಲೂನಾನ ಕಾರ್ನರ್, ಬೆಂಗಳೂರಿನ ಹೊಸ ಡಿಫೆಂಡರ್ ವೀನ್‌ಡಾರ್ಪ್ ತಲೆಗೆ ತಾಗಿ ಚೆಂಡು ತನ್ನದೇ ಗೋಲಿಗೆ. 69ನೇ ನಿಮಿಷ ಗುರ್‌ಪ್ರೀತ್ ಕಾಲಿಗೆ ಹಿಂದಕ್ಕೆ ಚೆಂಡು ಬಂತು. ಹಿಡಿತಕ್ಕೆ ತಂದುಕೊಳ್ಳುವಷ್ಟರಲ್ಲಿ ಲೂನಾ ಮೇಲೆರಗಿ ಕಸಿದು ಖಾಲಿ ಗೋಲಿಗೆ ತಳ್ಳಿದ. ಕೊನೆಗೆ ಬೆಂಗಳೂರಿನ ಕರ್ಟಿಸ್ ಮೇನ್ ಒಂದು ಗೋಲು ಹಿಂದಿರುಗಿಸಿದರೂ ಪಂದ್ಯ 2–1.

“ಹೊಡೆದು ಆಚೆ ಹಾಕ್ಲಿಕ್ಕೆ ಎಂಥ ದಾಡಿ ಅವನಿಗೆ?” ಎಂದು ಒಬ್ಬ ಎದ್ದ. ಇನ್ನೊಬ್ಬ ಹಿಂದಿನ ಬೆಂಚಿನತ್ತ ತಿರುಗಿ, “ಏ ಗುರ್‌ಪ್ರೀತ್, ನೀನೇ ಹೇಳು ಮಾರಾಯ, ಎಂಥ ಮಾಡ್ತಾ ಇದ್ದೆ ಅಲ್ಲಿ?” ಎಂದ. ಕೋಣೆಯೇ ನಕ್ಕಿತು. ಹಳದಿಯವರು ಇನ್ನೂ ಜೋರಾಗಿ. ಹುಡುಗನೂ ನಕ್ಕ. ಅಂದು ಅದು ತಮಾಷೆಯೇ.

ಒಂದು ವಾರಕ್ಕೆ ಕೊಲ್ಕತ್ತದಲ್ಲಿ ಮೋಹನ್ ಬಗಾನ್ ಎದುರು 1–0 ಸೋಲು, ಇಬ್ಬರಿಗೆ ಕೆಂಪು ಕಾರ್ಡ್. ಅಕ್ಟೋಬರ್‌ನಲ್ಲಿ ಈಸ್ಟ್ ಬೆಂಗಾಲ್ ಮೇಲೆ ಗೆದ್ದಾಗ ಒಂದು ದಿನ ನೆಮ್ಮದಿ, ಮರುದಿನವೇ ಕ್ರಿಕೆಟ್ ವಿಶ್ವಕಪ್ ಶುರು. ಆಮೇಲೆ ಡ್ರಾ, ಸೋಲು, ಡ್ರಾ. ಡಿಸೆಂಬರ್ 8ರಂದು ಕಂಠೀರವದಲ್ಲೇ ಮುಂಬೈ ಸಿಟಿ ಎದುರು 4–0 ಸೋಲು. ಬೆನ್ನಲ್ಲೇ ಕೋಚ್ ಸೈಮನ್ ಗ್ರೇಸನ್ ಹೊರಟರು, ಹೊಸ ಕೋಚ್ ಜೆರಾರ್ಡ್ ಜರಗೋಜಾ ಬಂದರು.

ಈ ತಿಂಗಳುಗಳಲ್ಲಿ ಕೋಣೆಯ ಮಾತಿನ ಬಣ್ಣ ಬದಲಾಯಿತು. ಹುಡುಗ ಬಾಗಿಲಲ್ಲಿ ಕಂಡರೆ ಸಾಕು, “ಬಂತು ನೋಡಿ, ಬ್ಯಾಕ್ ಪಾಸ್ ಕೊಡ್ಬೇಡಿ.” ಸಂಘದ ಹುಡುಗರು ವಾಟ್ಸಾಪ್‌ನಲ್ಲಿ ಲೂನಾನ ಗೋಲಿನ ತುಣುಕಿಗೆ ಇವನ ಹೆಸರು ಅಂಟಿಸಿ ಹಂಚಿದರು. ಆ ತುಣುಕು ಇವನ ಪಿಯು ಕಾಲೇಜಿಗೂ ಹೋಯಿತು. ಯಾರೂ ಅವನನ್ನು ನೋಯಿಸಲೆಂದು ಮಾಡಿದ್ದಲ್ಲ. ನನ್ನ ಅನುಭವದಲ್ಲಿ ಹುಡುಗರನ್ನು ಆಟದಿಂದ ಓಡಿಸುವುದು ದ್ವೇಷವಲ್ಲ, ಇಂಥ ನಿಲ್ಲದ ತಮಾಷೆ.

ಜೀಪೂ ನಿಂತಿತು. ಮುಂಬೈ ಪಂದ್ಯದ ರಾತ್ರಿ ಹಳದಿಯವರು ನಾಲ್ಕನೇ ಗೋಲಿಗೆ ಶಿಳ್ಳೆ ಹಾಕಿದ್ದಕ್ಕೆ ಒಬ್ಬ ನೀಲಿ ಹುಡುಗ ಪ್ಲಾಸ್ಟಿಕ್ ಕುರ್ಚಿ ಎತ್ತಿದ. ಬೀಸಲಿಲ್ಲ, ಎತ್ತಿದ ಅಷ್ಟೆ. ಜೀಪಿನವರು, “ನಿಮ್ಮ ನೀಲಿಯವರನ್ನ ನೀವೇ ಕರಕೊಂಡು ಹೋಗಿ” ಎಂದು ಒಬ್ಬರೇ ಹೊರಟರು. ಆ ರಾತ್ರಿ ಆರೇಳು ಮಂದಿ ಮೊಬೈಲ್ ಟಾರ್ಚ್ ಹಿಡಿದು ತೋಟದ ದಾರಿಯಲ್ಲಿ ನಡೆದರು. ಏನೂ ಆಗಲಿಲ್ಲ. ಆದರೆ ಅವರ ಮನೆಯವರು ಮಾರನೇ ದಿನ ಸಂಘದ ಅಧ್ಯಕ್ಷರ ಮನೆಗೆ ಬಂದರು. ಫುಟ್‌ಬಾಲ್ ಸೋಲಿನ ಸಿಟ್ಟು ಆನೆ ದಾರಿಗೆ ಮುಟ್ಟಿದೆ ಎಂದು ಹಿರಿಯರಿಗೆ ಗೊತ್ತಾದದ್ದು ಹಾಗೆ. ಹುಡುಗನ ಕಷ್ಟ ಅಷ್ಟರವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಗದ್ದೆಯಲ್ಲಿ

ಡಿಸೆಂಬರ್ ಕೊನೆಗೆ ಪಕ್ಕದೂರಿನ ಗದ್ದೆಯಲ್ಲಿ ಸೆವೆನ್ಸ್. ಕೂಳೆ ಕತ್ತರಿಸಿ ಹದ ಮಾಡಿದ ನೆಲ, ಆದರೂ ಚೆಂಡು ಎಲ್ಲಿ ಪುಟಿಯುತ್ತದೆ ಎಂದು ಹೇಳಲಾಗದು. ಮೊದಲಾರ್ಧದಲ್ಲಿ ನಮ್ಮ ಡಿಫೆಂಡರ್ ಒತ್ತಡ ಬಂದು ಕೀಪರ್‌ಗೆ ಚೆಂಡು ಕೊಟ್ಟ. ಹುಡುಗ ಒಂದು ಕ್ಷಣ ನಿಂತ. ಗದ್ದೆಯ ಬದುವಿನಿಂದ ನಾಲ್ಕೈದು ಗಂಟಲು ಒಟ್ಟಿಗೆ, “ಗುರ್‌ಪ್ರೀತ್, ಲೂನಾ ಬಂದ!” ಅವನು ಕಣ್ಣು ಮುಚ್ಚಿದವನ ಹಾಗೆ ಒದ್ದ. ಚೆಂಡು ನೇರ ಎದುರಾಳಿಯ ಎದೆಗೆ, ಅಲ್ಲಿಂದ ಗೋಲಿಗೆ. ಕೂಗಿದವರು ನಮ್ಮದೇ ಸಂಘದವರು, ನಮ್ಮದೇ ತಂಡದ ವಿರುದ್ಧ ಗೋಲಾದಾಗ ನಕ್ಕವರು.

ವಿರಾಮಕ್ಕೆ ಅವನು ಗ್ಲೋವ್ಸ್ ಬಿಚ್ಚಿ ಬೇಲಿಯ ಮೇಲಿಟ್ಟು ಮನೆಗೆ ಹೋದ. ಎರಡನೇ ಅರ್ಧ ಒಬ್ಬ ಫಾರ್ವರ್ಡ್ ಕೀಪರ್ ಆದ, ನಾವು ಸೋತೆವು. ಆಮೇಲೆ ಹುಡುಗ ಕೋಣೆಗೂ ಬರಲಿಲ್ಲ, ಭಾನುವಾರಕ್ಕೂ ಬರಲಿಲ್ಲ. ಮನೆಗೆ ಹೋದಾಗ, “ಓದ್ಲಿಕ್ಕೆ ಉಂಟು ಸಾರ್” ಎಂದ. ತಾಯಿ ಒಳಗಿಂದ, “ಓದೋದೂ ಇಲ್ಲ ಸಾರ್, ಮೊಬೈಲೂ ಮುಟ್ಟೋದಿಲ್ಲ” ಎಂದರು.

ಏಕೆ ಕೀಪರ್?

ಕೊಚ್ಚಿಯಲ್ಲಿ ಎರಡು ಗೋಲು, ಎರಡು ತಪ್ಪು. ವೀನ್‌ಡಾರ್ಪ್ ಹೆಸರಿನ ಅಡ್ಡಹೆಸರು ನಮ್ಮೂರಲ್ಲಿ ಯಾರಿಗೂ ಬೀಳಲಿಲ್ಲ. ಕಾರ್ನರ್‌ನಲ್ಲಿ ಹತ್ತು ತಲೆಗಳ ನಡುವೆ ಆದ ತಪ್ಪು ಗುಂಪಿನಲ್ಲಿ ಕರಗುತ್ತದೆ. ಕೀಪರ್ ಹಿಂದೆ ಯಾರೂ ಇಲ್ಲ, ಬಲೆಯೊಂದೇ. ಇದು ಎಲ್ಲರೂ ಹೇಳುವ ಕಾರಣ, ನಿಜವೂ ಹೌದು. ಆದರೆ ನಮ್ಮ ಪ್ರಕರಣಕ್ಕೆ ಇನ್ನೂ ಎರಡು ಕಾರಣ ಸೇರಿದ್ದವು ಎಂದು ನನ್ನ ಎಣಿಕೆ.

ಒಂದು, ನಮ್ಮ ನೋಟವೇ ಹಾಕಿಯದು. ಫುಟ್‌ಬಾಲ್ ಆಡುವವರೂ ಹಾಕಿ ನೋಡಿ ಬೆಳೆದವರು. ಹಾಕಿ ಕೀಪರ್ ಪ್ಯಾಡ್, ಕಿಕ್ಕರ್ ಕಟ್ಟಿಕೊಂಡು ನಿಂತಿರುತ್ತಾನೆ, ಬಂದದ್ದನ್ನು ಒದ್ದು ಬದಿಗೆ ಕಳಿಸಿದರೆ ಅವನ ಕೆಲಸ ಆಯಿತು. ಅವನಿಂದ ದಾಳಿ ಕಟ್ಟಿಸುವುದಿಲ್ಲ. ಫುಟ್‌ಬಾಲ್‌ನಲ್ಲೂ ಮೊದಲು ಹೀಗೇ ಸುಲಭವಿತ್ತು, ತನ್ನವರು ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಎತ್ತಿಕೊಳ್ಳುತ್ತಿದ್ದ. 1992ರಲ್ಲಿ ನಿಯಮ ಬದಲಾಯಿತು, ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಯಲ್ಲಿ ಮುಟ್ಟುವಂತಿಲ್ಲ. 2019ರಲ್ಲಿ ಗೋಲ್ ಕಿಕ್ ಅನ್ನು ಪೆನಾಲ್ಟಿ ಪ್ರದೇಶದ ಒಳಗೇ ತನ್ನವನಿಗೆ ಕೊಡಬಹುದು ಎಂದಾಯಿತು. ಎರಡೂ ಸೇರಿ ಕೀಪರನ್ನು ಹನ್ನೊಂದನೇ ಆಟಗಾರನನ್ನಾಗಿ ಮಾಡಿದವು. ಎದುರಾಳಿ ಮೇಲೆರಗಿದಷ್ಟೂ ಹಿಂದಕ್ಕೆ ಪಾಸ್ ಹೆಚ್ಚು. ಆಚೆ ಒದ್ದರೆ ಚೆಂಡು ಎದುರಾಳಿಗೆ ಕೊಟ್ಟಂತೆ, ಇಟ್ಟುಕೊಂಡರೆ ಈ ಅಪಾಯ. “ಹೊಡೆದು ಆಚೆ ಹಾಕು” ಎನ್ನುವುದು ಹಾಕಿ ಮೈದಾನದ ಬುದ್ಧಿ.

ಇನ್ನೊಂದು, ಬೈಗುಳಕ್ಕೆ ಬೆಲೆ ತೆರಬೇಕಾಗಿರಲಿಲ್ಲ. ಕೌಟುಂಬಿಕ ಹಾಕಿಯಲ್ಲಿ ತಪ್ಪು ಮಾಡಿದವನು ನಿಮ್ಮ ಚಿಕ್ಕಪ್ಪನ ಮಗ. ಮೈದಾನದ ಬದಿಯಲ್ಲಿ ಎಷ್ಟು ಕೂಗಿದರೂ ಸಂಜೆ ಪಕ್ಕದಲ್ಲೇ ಊಟಕ್ಕೆ ಕೂರಬೇಕು, ಅವನ ತಾಯಿ ಬಡಿಸುತ್ತಾಳೆ. ಮಾತಿಗೆ ತಾನಾಗಿ ಒಂದು ಕಡಿವಾಣ. ಬೆಂಗಳೂರಿನ ಕೀಪರ್ ಎಂದೂ ಎದುರು ಬರುವವನಲ್ಲ. ಟಿವಿಯ ಮುಂದೆ ಅಭ್ಯಾಸವಾದ ಭಾಷೆ ಗದ್ದೆಯ ಬದುವಿಗೆ ಬಂದಾಗ ಅದೇ ವೇಗದಲ್ಲಿ ಬಂತು, ಇಲ್ಲಿನ ಕೀಪರ್ ಎದುರಲ್ಲೇ ನಿಂತಿದ್ದಾನೆ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಕೂಗಿಗೆ ಹೆದರಿ ಕೀಪರ್ ಆಟವನ್ನೇ ಬದಲಿಸುತ್ತಾನೆ ಎಂಬುದಕ್ಕೆ ದೊಡ್ಡ ಮಟ್ಟದಲ್ಲೂ ಸಾಕ್ಷಿ ಇದೆ. ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿಗಳನ್ನು ಲೆಕ್ಕಹಾಕಿ 2007ರಲ್ಲಿ ಪ್ರಕಟಿಸಿದರು. ನಡುವೆಯೇ ನಿಂತರೆ ಚೆಂಡು ತಡೆಯುವ ಸಾಧ್ಯತೆ ಹೆಚ್ಚು, ಆದರೂ ನೂರರಲ್ಲಿ ಆರು ಸಲ ಮಾತ್ರ ಕೀಪರ್‌ಗಳು ನಡುವೆ ನಿಂತಿದ್ದರು. ಹಾರಿ ಗೋಲು ಬಿಟ್ಟರೆ ಪ್ರಯತ್ನಪಟ್ಟ ಎನ್ನುತ್ತಾರೆ, ನಿಂತು ಬಿಟ್ಟರೆ ಮರದ ಕಂಬ ಎನ್ನುತ್ತಾರೆ. ನಮ್ಮ ಹುಡುಗ ಗದ್ದೆಯಲ್ಲಿ ಕಣ್ಣುಮುಚ್ಚಿ ಒದ್ದದ್ದೂ ಇದೇ ಲೆಕ್ಕದಲ್ಲಿ. ಚೆಂಡು ಕಾಲಲ್ಲಿ ಇರಬಾರದು, ಎಲ್ಲಿಗೆ ಹೋದರೂ ಸರಿ.

ಒಂದು ಮಾತು ಸೇರಿಸಬೇಕು. ಅಭಿಮಾನಿಗಳ ಸಿಟ್ಟು ಪೊಳ್ಳು ಎಂದು ನಾನು ಹೇಳುತ್ತಿಲ್ಲ. ಆ ಋತುವಿನಲ್ಲಿ 22 ಪಂದ್ಯಕ್ಕೆ 22 ಅಂಕ, 12 ತಂಡಗಳಲ್ಲಿ 10ನೇ ಸ್ಥಾನ. ಗೆದ್ದ ಐದೂ ಕಂಠೀರವದಲ್ಲೇ, ಹೊರಗೆ ಒಂದೂ ಇಲ್ಲ. ಹಿಂದಿನ ವರ್ಷದ ಫೈನಲ್ ತಂಡ ಹೀಗಾದರೆ ಸಿಟ್ಟು ಬರದವನು ಅಭಿಮಾನಿಯೇ ಅಲ್ಲ. ಕೀಪರ್ ತಪ್ಪು ಮಾಡಿದ್ದೂ ನಿಜ. ಆದರೆ ಅದೇ ಕೀಪರ್ ಐಎಸ್‌ಎಲ್‌ನ ಗೋಲ್ಡನ್ ಗ್ಲೋವ್ ಗೆದ್ದವರು, 2019ರಲ್ಲಿ ಏಷ್ಯಾ ಚಾಂಪಿಯನ್ ಕತಾರ್ ತಂಡವನ್ನು ಅವರದೇ ನೆಲದಲ್ಲಿ 0–0ಗೆ ನಿಲ್ಲಿಸಿದವರು. ಈ ಎರಡನ್ನೂ ಒಟ್ಟಿಗೆ ಹೇಳಲು ಕೋಣೆಗೆ ನಾಲಿಗೆ ಇರಲಿಲ್ಲ.

ಮಾಡಿದ್ದು

ಮೊದಲು ಮಾಡಿದ್ದು ದಂಡದ ಡಬ್ಬಿ. ಯಾವ ಆಟಗಾರನನ್ನೇ ಆಗಲಿ ಹೆಸರು ಹಿಡಿದು ಬೈದರೆ ಹತ್ತು ರೂಪಾಯಿ. ಸಂಘದ ಸಭೆಯಲ್ಲಿ ಕೈಯೆತ್ತಿ ಒಪ್ಪಿದ ನಿರ್ಣಯ. ಮೊದಲ ಪಂದ್ಯದ ದಿನವೇ ಕೋಣೆಯ ಹುಡುಗರಲ್ಲೊಬ್ಬ, ಮೇಸ್ತ್ರಿಯ ಮಗ, ಐವತ್ತರ ನೋಟು ಹಾಕಿ, “ಇವತ್ತು ಐದು ಸಲ ಬೈಲಿಕ್ಕೆ ಉಂಟು, ಮೊದಲೇ ಕಟ್ಟಿದ್ದೇನೆ” ಎಂದ. ಡಬ್ಬಿ ತುಂಬಿತು, ಬೈಗುಳ ಕಡಿಮೆಯಾಗಲಿಲ್ಲ. ಹಣ ಕೊಟ್ಟ ಮೇಲೆ ಬೈಯುವುದು ಹಕ್ಕಾಯಿತು. ಅದನ್ನು ನಿಲ್ಲಿಸಿದೆವು. ಆ ಹಣದಲ್ಲಿ ಎರಡು ಚೆಂಡು ಬಂದವು ಎನ್ನುವುದಷ್ಟೇ ಲಾಭ.

ಎರಡನೆಯದು ತೋಟವೊಂದರಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿ ನಿವೃತ್ತರಾದ ಹಿರಿಯರೊಬ್ಬರಿಂದ ಬಂತು. ಎಲ್ಲರೂ ‘ರೈಟರ್ ಅಂಕಲ್’ ಎನ್ನುತ್ತೇವೆ. ಯೌವನದಲ್ಲಿ ಮಡಿಕೇರಿಯ ಕಾಲೇಜು ತಂಡಕ್ಕೆ ಹಾಕಿ ಕೀಪರ್ ಆಗಿದ್ದವರು. ಜನವರಿಯ ಒಂದು ಸಂಜೆ ಕೋಣೆಗೆ ಬಂದು, ಲೂನಾನ ಗೋಲು ತೋರಿಸಿ ಎಂದರು. ತೋರಿಸಿದೆವು. “ಇಲ್ಲಿಂದ ಬೇಡ. ಹತ್ತು ಸೆಕೆಂಡ್ ಹಿಂದಿನಿಂದ ಹಾಕಿ.” ಹಾಕಿದೆವು. “ಈಗ ಅದಕ್ಕೂ ಹಿಂದಿನಿಂದ.” ಆಮೇಲೆ ಪ್ರಶ್ನೆ ಕೇಳುತ್ತಾ ಹೋದರು. ಚೆಂಡು ಯಾರ ಕಾಲಿಂದ ಹಿಂದಕ್ಕೆ ಬಂತು? ಅವನಿಗೆ ಮುಂದೆ ಕೊಡಲು ಯಾರಿದ್ದರು? ಕೀಪರ್‌ಗೆ ಬಂದಾಗ ಅವನ ಎಡಬಲಕ್ಕೆ ಯಾರು ಓಡಿ ಬಂದರು? ಉತ್ತರ ಒಂದೇ ಬರಲಿಲ್ಲ, ಕೋಣೆ ಮೂರು ಪಂಗಡವಾಯಿತು. ನೀಲಿ ಹಳದಿ ಎನ್ನದೆ ಮೂರು ಪಂಗಡ, ಅದೇ ಹೊಸದು. ಕೊನೆಗೆ ಒಬ್ಬ, “ಆದ್ರೂ ಅಂಕಲ್, ತಪ್ಪು ಕೀಪರ್‌ದೇ ಅಲ್ವಾ?” ಎಂದಾಗ ಅವರು, “ಹೌದಪ್ಪ, ಅವನದೇ. ಅವನೊಬ್ಬನದೇ ಅಂತ ಯಾರು ಹೇಳಿದ್ದು?” ಎಂದರು.

ಇದು ಪ್ರತಿ ಪಂದ್ಯಕ್ಕೂ ಅಭ್ಯಾಸವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವರಿಗೆ ಹಿಡಿಸಿತು, ಕೆಲವರಿಗೆ ಬೇಸರ ಬಂತು. “ನಾವು ಮ್ಯಾಚ್ ನೋಡ್ಲಿಕ್ಕೆ ಬಂದದ್ದು, ಟ್ಯೂಷನ್‌ಗೆ ಅಲ್ಲ” ಎಂದು ಇಬ್ಬರು ಬರುವುದನ್ನೇ ಬಿಟ್ಟರು. ಅವರದೂ ನ್ಯಾಯವೇ.

ಕೆಲಸ ಮಾಡಿದ್ದು ಮೂರನೆಯದು, ನನ್ನ ಮಟ್ಟಿಗೆ. ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಕೋಣೆಯ ಗಟ್ಟಿ ಗಂಟಲಿನವರನ್ನು ಕರೆದೆ. ಒಬ್ಬೊಬ್ಬರೇ ಗೋಲಿನಲ್ಲಿ ನಿಲ್ಲಬೇಕು. ಒಬ್ಬ ಡಿಫೆಂಡರ್ ಹಿಂದಕ್ಕೆ ಚೆಂಡು ಕೊಡುತ್ತಾನೆ, ಎಂಟನೇ ತರಗತಿಯ ಇಬ್ಬರು ಹುಡುಗರು ಮೇಲೆರಗುತ್ತಾರೆ, ಕೈ ಬಳಸದೆ ತನ್ನವನಿಗೆ ಪಾಸ್ ಮಾಡಬೇಕು. ಉಳಿದವರು ಸುತ್ತ ನಿಂತು ಕೋಣೆಯಲ್ಲಿ ಕೂಗುವುದನ್ನೇ ಕೂಗಬೇಕು, ಇದು ಕಡ್ಡಾಯ. ಮೇಸ್ತ್ರಿಯ ಮಗ ಮೊದಲ ಮೂರು ಚೆಂಡನ್ನು ಎಂಟನೇ ತರಗತಿಯವರಿಗೇ ಕೊಟ್ಟ. ನಾಲ್ಕನೆಯದಕ್ಕೆ ಚೆಂಡು ಕಾಲಿನಡಿ ಜಾರಿ ಗೋಲಿಗೆ ಹೋಯಿತು. ಐದನೆಯದನ್ನು ಸರಿಯಾಗಿ ಕೊಟ್ಟಾಗ ಎರಡೂ ಕೈ ಮೇಲೆತ್ತಿ ಮೈದಾನ ಸುತ್ತಿದ. ನೋಡಲು ಬಲು ಮಜವಾಗಿತ್ತು. ಆದರೆ ಮುಗಿದ ಮೇಲೆ ಅವನು ನನ್ನ ಹತ್ತಿರ ಬಂದು ಕೇಳಿದ್ದು ಬೇರೆ: “ಸಾರ್, ಕೂಗು ಕೇಳ್ತಾ ಇದ್ರೆ ಚೆಂಡೇ ಕಾಣುದಿಲ್ಲ ಅಲ್ವಾ?”

ಆಟ ಬಿಟ್ಟ ಹುಡುಗನ ಮನೆಗೆ ಹೋದದ್ದು ಈ ಮೇಸ್ತ್ರಿಯ ಮಗನೇ. ಅಲ್ಲಿ ಏನು ಮಾತಾಯಿತೆಂದು ನನಗೆ ಹೇಳಿಲ್ಲ, ನಾನು ಕೇಳಲೂ ಇಲ್ಲ. ವಾಟ್ಸಾಪ್ ತುಣುಕನ್ನು ಹಂಚಿದವರಲ್ಲಿ ಅವನೂ ಒಬ್ಬ ಎಂಬುದು ಊರಿಗೇ ಗೊತ್ತಿತ್ತು.

ಫೆಬ್ರವರಿಯಲ್ಲಿ, ರೊಬಸ್ಟಾ ಕೊಯ್ಲಿನ ಗಡಿಬಿಡಿಯ ನಡುವೆ, ಹುಡುಗ ಒಂದು ಭಾನುವಾರ ಮೈದಾನಕ್ಕೆ ಬಂದ. ಮೊದಲು ಡಿಫೆಂಡರ್ ಆಗಿಯೇ ಆಡುತ್ತೇನೆ ಎಂದ. ಆಡಿದ. ಡಿಫೆಂಡರ್ ಆಗಿ ಅವನು ಕೀಪರ್‌ಗೆ ಹಿಂದಕ್ಕೆ ಕೊಟ್ಟ ಪ್ರತಿ ಚೆಂಡಿನ ನಂತರ ಬದಿಗೆ ಓಡಿ ಮತ್ತೆ ಕೇಳುತ್ತಿದ್ದ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಕೆಲ ವಾರಕ್ಕೆ ಮತ್ತೆ ಗ್ಲೋವ್ಸ್ ಹಾಕಿದ. ಕೋಣೆಗೆ ಮಾತ್ರ ಆ ಋತು ಪೂರ್ತಿ ಬರಲಿಲ್ಲ. ಕರೆಯಬೇಡಿ ಎಂದು ರೈಟರ್ ಅಂಕಲ್ ಹೇಳಿದ್ದರು, ಕರೆಯಲಿಲ್ಲ. ಅಡ್ಡಹೆಸರೂ ಹೋಯಿತು. ಈಗ ಅವನನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಕೆಲವರಿಗೆ ಅದು ನೆನಪಾಗಲು ಸ್ವಲ್ಪ ಸಮಯ ಹಿಡಿಯಿತು.

ಜೀಪಿನ ವಿಷಯ ಇಷ್ಟು ಕಷ್ಟಕ್ಕೆ ಹೋಗಲಿಲ್ಲ. ಕುರ್ಚಿ ಎತ್ತಿದ ಹುಡುಗನ ತಂದೆಯೂ ಜೀಪಿನವರೂ ಒಂದೇ ತೋಟಕ್ಕೆ ಕೊಯ್ಲಿನ ಆಳು ಸಾಗಿಸುವವರು. ಅವರವರೇ ಮಾತಾಡಿಕೊಂಡರು. ಮಾರ್ಚ್ 2ರಂದು ಬೆಂಗಳೂರು ಕಂಠೀರವದಲ್ಲಿ ಬ್ಲಾಸ್ಟರ್ಸ್ ಮೇಲೆ 1–0 ಗೆದ್ದ ರಾತ್ರಿ ನೀಲಿಯವರು ಹಳದಿಯವರ ಜೀಪಿನಲ್ಲೇ ಮನೆಗೆ ಹೋದರು. ದಾರಿಯುದ್ದಕ್ಕೂ ಹಾಡಿದರಂತೆ. ಆನೆಗಾದರೂ ನಿದ್ದೆ ಕೊಡಿ ಎಂದು ಜೀಪಿನವರು ಬೇಡಿಕೊಂಡರಂತೆ.

ಆಮೇಲಿನ ಎರಡು ಪರೀಕ್ಷೆ

ಆ ಋತು ಏಪ್ರಿಲ್ 11ರಂದು ಮೋಹನ್ ಬಗಾನ್ ಎದುರು ಮನೆಯಂಗಳದಲ್ಲೇ 4–0 ಸೋಲಿನೊಂದಿಗೆ ಮುಗಿಯಿತು. ಆ ಪಂದ್ಯದಲ್ಲಿ ಸಿಕ್ಕ ಪೆನಾಲ್ಟಿಯನ್ನು ಗೋಲಾಗಿಸದೆ ಹಾಳುಮಾಡಿದ್ದು ಛೆಟ್ರಿ. ಅವರನ್ನು ಹೆಸರು ಹಿಡಿದು ಬೈಯಲು ಕೋಣೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಪ್ರೀತಿಯ ಆಟಗಾರನ ತಪ್ಪಿಗೆ ಕ್ಷಮೆ ಎಷ್ಟು ಸಲೀಸು ಎಂದು ಅಂದೇ ಕಂಡಿತು.

ನಿಜವಾದ ಪರೀಕ್ಷೆ ಮರುವರ್ಷ. 2024–25ರಲ್ಲಿ ಜರಗೋಜಾ ತಂಡವನ್ನು ನಿಲ್ಲಿಸಿದರು. ಪ್ಲೇಆಫ್‌ನಲ್ಲಿ ಮುಂಬೈ ಸಿಟಿಗೆ 5–0, 2023ರ ಡಿಸೆಂಬರಿನ ಬಾಕಿ ತೀರಿತು. ಗೋವಾವನ್ನು ದಾಟಿ ಫೈನಲ್. 2025ರ ಏಪ್ರಿಲ್ 12ರಂದು ಕೊಲ್ಕತ್ತದಲ್ಲಿ ಮೋಹನ್ ಬಗಾನ್‌ನ ಸ್ವಂತ ಗೋಲಿನಿಂದ ಬೆಂಗಳೂರು ಮುಂದಿತ್ತು. 72ನೇ ನಿಮಿಷ ನಮ್ಮ ಡಿಫೆಂಡರ್ ಚಿಂಗ್ಲೆನ್‌ಸನಾ ಕೈಗೆ ಚೆಂಡು ತಾಗಿ ಪೆನಾಲ್ಟಿ, ಬಗಾನ್‌ನ ಕಮಿಂಗ್ಸ್ ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ಅವರದೇ ಮೆಕ್ಲಾರೆನ್ ಗೋಲು, 2–1 ಸೋಲು.

ಕೈಗೆ ಚೆಂಡು ತಾಗಿದ ಕ್ಷಣ ಕೋಣೆಯಲ್ಲಿ ಹಳೆಯ ಕೂಗೇ ಎದ್ದಿತು. ಆಟಗಾರನ ಹೆಸರು, ಅದರ ಹಿಂದೆ ಬರೆಯಲಾಗದ ಮಾತು. ಅರ್ಧದಷ್ಟು ಜನ ಕೂಗಿದರು ಎಂದೇ ನನ್ನ ಅಂದಾಜು. ಉಳಿದರ್ಧ ಕೂಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, ಆ ಕ್ರಾಸ್ ಹಾಕಲು ಬಿಟ್ಟವರು ಯಾರು ಎಂದು ಕೇಳಿದ. ಅವನಿಗೆ ಯಾರೂ ಉತ್ತರ ಕೊಡಲಿಲ್ಲ, ಪೆನಾಲ್ಟಿ ಹೊಡೆಯುವವನು ಓಡಿ ಬರುತ್ತಿದ್ದ. ಪಂದ್ಯದ ನಂತರ ಆ ಪ್ರಶ್ನೆಯ ಮೇಲೆ ಅರ್ಧ ಗಂಟೆ ಚರ್ಚೆಯಾಯಿತು, ಜೀಪಿನವರು ಹಾರ್ನ್ ಹೊಡೆದು ಕರೆಯಬೇಕಾಯಿತು. ಇದನ್ನು ಯಶಸ್ಸು ಎನ್ನಬೇಕೋ ಬೇಡವೋ ತಿಳಿಯದು. ಅರ್ಧಕ್ಕರ್ಧ ಎಂದು ದಾಖಲಿಸುತ್ತೇನೆ.

ಅದಾದ ಮೂರು ತಿಂಗಳಿಗೆ ಬಂದದ್ದು ಯಾರೂ ಎಣಿಸದ ಪರೀಕ್ಷೆ. 2025ರ ಜುಲೈನಲ್ಲಿ, ದೇಶದ ಫುಟ್‌ಬಾಲ್ ಒಕ್ಕೂಟ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದ ಮುಂದುವರಿಯುವುದು ತೀರ್ಮಾನವಾಗದೆ, ಹೊಸ ಐಎಸ್‌ಎಲ್ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿದ್ದೇವೆ ಎಂದು ಪ್ರಕಟಿಸಿತು. ಮಳೆ ಸುರಿಯುತ್ತಿದ್ದ ಆ ವಾರ ಕೋಣೆಯಲ್ಲಿ ಎಂಟು ಹತ್ತು ಮಂದಿ ಇದ್ದರು. ಹುಡುಗನೂ ಇದ್ದ. ಮಂಗಳೂರಿನಲ್ಲಿ ಪದವಿಗೆ ಸೇರಿದ್ದಾನೆ, ಶನಿವಾರ ಬಂದಿದ್ದ. ಕೋಚ್ ಹೋಗಲಿ, ಆಟಗಾರ ತೊಲಗಲಿ ಎಂದು ಎರಡು ವರ್ಷ ಕೂಗಿದವರಿಗೆ ಈಗ ಕೋಚೂ ಇಲ್ಲ, ಆಟಗಾರನೂ ಇಲ್ಲ, ಪಂದ್ಯವೂ ಇಲ್ಲ.

ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಆ ಸಂಜೆ. ಅಷ್ಟು ದೊಡ್ಡ ತಪ್ಪಿಗೆ ಕೋಣೆಯಲ್ಲಿ ಸಿಟ್ಟೇ ಏಳಲಿಲ್ಲ. ಒಪ್ಪಂದ, ಹಕ್ಕು, ಕೋರ್ಟು ಎಂಬ ಮಾತುಗಳ ಹಿಂದೆ ಯಾವ ಮುಖವೂ ಕಾಣಲಿಲ್ಲ, ರಿಪ್ಲೇ ಹಾಕಿ ತೋರಿಸಲು ಯಾವ ಕಾಲೂ ಇರಲಿಲ್ಲ. ಬ್ಯಾಕ್ ಪಾಸ್ ತಪ್ಪಿದ್ದಕ್ಕೆ ಕುರ್ಚಿ ಎತ್ತುವಷ್ಟು ಸಿಟ್ಟಾದವರು, ಲೀಗೇ ನಿಂತಾಗ ಮೊಬೈಲ್ ತೆಗೆದು ಬೇರೆ ಏನೋ ನೋಡತೊಡಗಿದರು. ರೈಟರ್ ಅಂಕಲ್, “ಇದರ ಹತ್ತು ಸೆಕೆಂಡ್ ಹಿಂದೆ ಏನಿತ್ತು ಅಂತ ಯಾರಾದ್ರೂ ಹೇಳಿ ನೋಡೋಣ” ಎಂದರು. ಮೇಸ್ತ್ರಿಯ ಮಗ ಒಪ್ಪಂದ ಎಷ್ಟು ವರ್ಷದ್ದು, ಮುಗಿಯುವುದು ಯಾವಾಗ ಎಂದು ಹುಡುಕಲು ಕೂತ. 2010ರಲ್ಲಿ ಆದ, 15 ವರ್ಷದ ಒಪ್ಪಂದ ಅದು. ಮುಗಿಯುವ ದಿನ ಎಲ್ಲರಿಗೂ ಮೊದಲೇ ಗೊತ್ತಿತ್ತು ಎಂದು ತಿಳಿದಾಗ ಅವನ ಬಾಯಿಂದ ಒಂದು ಬೈಗುಳ ಬಂತು, ಯಾರ ಹೆಸರೂ ಇಲ್ಲದ್ದು.

ಆ ತಿಂಗಳ ಸಂಘದ ಚಂದಾ ಅರ್ಧಕ್ಕಿಂತ ಕಡಿಮೆ ಬಂತು. ಇಂಟರ್ನೆಟ್ ಉಳಿಸಿಕೊಳ್ಳಬೇಕೋ ತೆಗೆಸಬೇಕೋ ಎಂಬ ವಿಷಯವನ್ನು ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲಿನ ಸಭೆಗೆ ಇಟ್ಟುಕೊಂಡರು.